ಒಳಗೂ ನೋಡಬೇಕು, ಹೊರಗೂ ನೋಡಬೇಕು

(ಉಜ್ಜಿನಿಯಲ್ಲಿ ಹಾಸ್ಟೆಲ್ ಹುಡುಗ ಹುಡುಗಿಯರ ಮುಂದೆ ಆಡಿದ ಮಾತು. ಕೇಳಿದವರು ಬರೆದುಕೊಂಡದ್ದನ್ನೂ ನಮ್ಮ ಚೀಟಿಗಳನ್ನೂ ಕೂಡಿಸಿ ಇಲ್ಲಿ ಕೊಟ್ಟಿದ್ದೇವೆ.)



ಉಜ್ಜಿನಿಗೆ ಹೊಸಬರು ಬಂದರೆ ಊರವರು ಒಂದು ಗಾದೆ ಹೇಳುತ್ತಾರೆ: ಹಂಪಿ ಹೊರಗ ನೋಡು, ಉಜ್ಜಿನಿ ಒಳಗ ನೋಡು. ಹಂಪಿಯ ಚಂದ ಹೊರಗಿದೆ, ಇಲ್ಲಿಯ ಮರುಳಸಿದ್ಧೇಶ್ವರನ ಗುಡಿಯ ಚಂದ ಒಳಗಿನ ಕಲ್ಲುಕೆತ್ತನೆಯಲ್ಲಿದೆ ಎಂದು ಅದರ ಅರ್ಥ. ಇವತ್ತು ಬಸ್ಸಿಳಿದ ಕೂಡಲೇ ನಮಗೂ ಒಬ್ಬ ಹಿರಿಯರು ಹೇಳಿದರು. ನಾವು ಒಬ್ಬರ ಮುಖ ಒಬ್ಬರು ನೋಡಿ ನಕ್ಕೆವು. ನಮ್ಮ ಅಜ್ಜ ಮುತ್ತಜ್ಜಂದಿರಿಗೆ ಊರ ಗುಡಿ ಅಂದರೆ ದೂರದಿಂದ ಕಾಣುವ ಶಿಖರ, ಅಷ್ಟೇ. ಒಳಗ ನೋಡು ಅಂತ ಅವರಿಗೆ ಯಾರಂದರು? ಈ ಸೀಮೆ ಆಗ ಮದರಾಸು ಪ್ರಾಂತದಲ್ಲಿತ್ತು. ನಮ್ಮವರಿಗೆ ಗುಡಿಯೊಳಗೆ ಹೋಗುವ ಹಕ್ಕು ಕೊಟ್ಟ ಮದರಾಸಿನ ಕಾಯ್ದೆ ಬಂದದ್ದು 1947ರಲ್ಲಿ. ಗಾದೆ ಹಳೇದು, ಕಾಯ್ದೆ ಹೊಸದು. ಗಾದೆ ಕಟ್ಟಿದವನ ಮನಸ್ಸಿನಲ್ಲಿ 'ನೋಡುವವನು' ಯಾರಾಗಿದ್ದ ಎಂದು ನಿಮ್ಮ ಕನ್ನಡ ಮೇಷ್ಟ್ರನ್ನು ಕೇಳಿ ನೋಡಿ.

ಇಲ್ಲಿಯ ಜಾತ್ರೆಯಲ್ಲಿ ಶಿಖರಕ್ಕೆ ಎಣ್ಣೆ ಎರೆಯುತ್ತಾರೆ. ನೋಡಲಿಕ್ಕೆ ಸಾವಿರಾರು ಜನ ಸೇರುತ್ತಾರೆ. ಕಲ್ಲಿಗೆ ಎಣ್ಣೆ ಎರೆದರೆ ಕಲ್ಲಿಗೆ ಏನಾಗುತ್ತದೆ? ಅದು ರಸಾಯನಶಾಸ್ತ್ರ. ಆ ಎಣ್ಣೆಯ ಕಾಳು ಯಾರ ಹೊಲದ್ದು, ಬಿತ್ತಿ ಬೆಳೆದ ಕೂಲಿ ಎಷ್ಟು, ಕೊಂಡ ದುಡ್ಡು ಯಾರದು? ಅರ್ಥಶಾಸ್ತ್ರ. ಎಣ್ಣೆ ಯಾರ ಮನೆಯಿಂದ ಬರಬೇಕು ಎಂಬ ಹಕ್ಕು ಎಲ್ಲಿಂದ ಹುಟ್ಟಿತು? ಇತಿಹಾಸ. ಯಾರು ಶಿಖರ ಹತ್ತುತ್ತಾರೆ, ಯಾರು ಕೆಳಗೆ ನಿಂತು ಕೈಮುಗಿಯುತ್ತಾರೆ? ಸಮಾಜಶಾಸ್ತ್ರ. ಎಣ್ಣೆ ಒಂದೇ. ಅದನ್ನು ನಾಲ್ಕು ಕೊಡಕ್ಕೆ ಸುರಿದು ನಾಲ್ಕು ಕೋಣೆಯಲ್ಲಿಟ್ಟು ಬೀಗ ಹಾಕಿದ್ದು ಕಾಲೇಜು.

ನೀವು ನಮ್ಮನ್ನು ಕರೆದದ್ದು ಈ ವಿಷಯಕ್ಕೇ. ಚೀಟಿಯಲ್ಲಿ ಬರೆದು ಕಳಿಸಿದ್ದೀರಿ: "ಅಣ್ಣಾರ, ಆರ್ಟ್ಸ್ ಹುಡುಗರು ಸೈನ್ಸ್ ಯಾಕ ಓದಬೇಕು? ಸೈನ್ಸ್ ಹುಡುಗರು ಸಮಾಜಶಾಸ್ತ್ರ ಓದಿ ಏನು ಮಾಡಬೇಕು? ಇದರಿಂದ ನೌಕರಿ ಸಿಗತೈತೇನು?"

ಪ್ರಶ್ನೆ ಸರಿಯಾಗಿದೆ. ಹೊಟ್ಟೆಯ ಪ್ರಶ್ನೆಯನ್ನು ನಾವು ಹಗುರ ಮಾಡುವುದಿಲ್ಲ. ನಿಮ್ಮ ಅವ್ವ ಕೂಲಿ ಮಾಡಿ ಕಳಿಸಿದ ದುಡ್ಡಲ್ಲಿ ನೀವು ಬಸ್ ಪಾಸ್ ಮಾಡಿಸಿದ್ದೀರಿ. ಕೆಎಎಸ್ ಆಗಲಿ ಎಫ್‌ಡಿಎ ಆಗಲಿ, ಸಾಮಾನ್ಯ ಜ್ಞಾನದ ಪೇಪರಿನಲ್ಲಿ ಇತಿಹಾಸವೂ ಬರುತ್ತದೆ ವಿಜ್ಞಾನವೂ ಬರುತ್ತದೆ, ಆದ್ದರಿಂದ ಎರಡೂ ಓದಿದವನಿಗೆ ಲಾಭವೇ ಅಂತ ಹೇಳಿ ಕೂತುಬಿಡಬಹುದು. ಆದರೆ ಗೈಡ್ ಬುಕ್ಕಿನ ಸಾಮಾನ್ಯ ಜ್ಞಾನ ಬಾಯಿಪಾಠದ್ದು. ಅದರಲ್ಲಿ ಉತ್ತರ ಮೊದಲೇ ಟಿಕ್ಕಾಗಿರುತ್ತದೆ. ನಾವು ಹೇಳುವುದು ಬೇರೆ. ಪ್ರಶ್ನೆ ನಿಮ್ಮದಾಗಿರಬೇಕು. ಆ ಪ್ರಶ್ನೆ ಯಾವ ಕೋಣೆಗೆ ಕರಕೊಂಡು ಹೋದರೂ ಹೋಗಬೇಕು.

ನಮ್ಮ ಗುಂಪಿನ ಒಬ್ಬನ ಕಥೆ ಹೇಳುತ್ತೇವೆ. ಹತ್ತನೇ ತರಗತಿಯಲ್ಲಿ ಗಣಿತದಲ್ಲಿ ಒಳ್ಳೇ ಅಂಕ. ಸೈನ್ಸ್ ಸೇರಬೇಕು ಅಂತ ಅರ್ಜಿ ಹಿಡಿದು ಹೋದ. ಅರ್ಜಿ ತಗೊಂಡವರು ಮೊದಲು ಜಾತಿ ಸರ್ಟಿಫಿಕೇಟ್ ನೋಡಿದರು, ಆಮೇಲೆ ಮಾರ್ಕ್ಸ್ ಕಾರ್ಡ್ ನೋಡಿದರು. "ಸೈನ್ಸಿಗೆ ಟ್ಯೂಷನ್ ಬೇಕು, ಲ್ಯಾಬ್ ಫೀ ಐತಿ, ನಿನ್ನ ಕೈಲಿ ಆಗಂಗಿಲ್ಲ. ಆರ್ಟ್ಸ್ ತಗೊಂಡು ಪಾಸಾಗು, ಪೊಲೀಸ್ ಆಗು." ಅವರು ಕೆಟ್ಟ ಮನುಷ್ಯರಲ್ಲ. ಪ್ರೀತಿಯಿಂದಲೇ ಹೇಳಿದರು. ಅದೇ ಇನ್ನೂ ಕಷ್ಟ. ಬೈದರೆ ತಿರುಗಿ ಬೀಳಬಹುದು, ಪ್ರೀತಿಯಿಂದ ದಾರಿ ತಿರುವಿದರೆ ಏನು ಮಾಡೋದು? ಅವನು ಆರ್ಟ್ಸ್ ಓದಿದ. ಇವತ್ತಿಗೂ ಅವನಿಗೆ ಒಂದು ಅಳುಕು, ವಿಜ್ಞಾನದ ಮಾತು ಬಂದರೆ ಬಾಯಿ ಕಟ್ಟುತ್ತದೆ. ಇನ್ನೊಬ್ಬಳು ಬಿಎಸ್ಸಿ ಓದಿದಳು. ಅವಳಿಗೆ ಅಂಬೇಡ್ಕರ್ ಎಂದರೆ ಏಪ್ರಿಲ್ 14ರ ಫೋಟೋ, ಹಾರ, ಲಾಡು. ಅವರು ಬರೆದ ಒಂದು ಪುಟವೂ ಅವಳ ಸಿಲಬಸ್ಸಿನಲ್ಲಿ ಬರಲಿಲ್ಲ. ಒಬ್ಬನಿಗೆ ಒಂದು ಕಣ್ಣು ಕಟ್ಟಿದರು, ಇನ್ನೊಬ್ಬಳಿಗೆ ಇನ್ನೊಂದು ಕಣ್ಣು.

ಸರ್ಕಾರಕ್ಕೂ ಇದು ಗೊತ್ತಿಲ್ಲ ಅಂತಲ್ಲ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯನ್ನು ದೇಶದಲ್ಲೇ ಮೊದಲು ಜಾರಿಗೆ ತಂದದ್ದು ನಮ್ಮ ಕರ್ನಾಟಕ, 2021ರಲ್ಲಿ. ಬಹುಶಿಸ್ತೀಯ ಶಿಕ್ಷಣ ಎಂಬ ದೊಡ್ಡ ಹೆಸರು. ವಾಣಿಜ್ಯದವನು ಇತಿಹಾಸ ಓದಬಹುದು, ಇತಿಹಾಸದವನು ಪರಿಸರ ವಿಜ್ಞಾನ ಓದಬಹುದು, ಓಪನ್ ಎಲೆಕ್ಟಿವ್ ಅಂತ. ನಾಲ್ಕು ವರ್ಷದ ಡಿಗ್ರಿ. ಒಂದು ವರ್ಷಕ್ಕೆ ಬಿಟ್ಟರೆ ಸರ್ಟಿಫಿಕೇಟು, ಎರಡಕ್ಕೆ ಬಿಟ್ಟರೆ ಡಿಪ್ಲೊಮಾ, ಮೂರಕ್ಕೆ ಡಿಗ್ರಿ, ನಾಲ್ಕಕ್ಕೆ ಆನರ್ಸ್. 2023ರಲ್ಲಿ ಸರ್ಕಾರ ಬದಲಾಯಿತು, ಪ್ರೊ. ಸುಖದೇವ್ ಥೋರಾಟ್ ಅವರ ಅಧ್ಯಕ್ಷತೆಯಲ್ಲಿ ರಾಜ್ಯ ಶಿಕ್ಷಣ ನೀತಿ ಆಯೋಗ ಬಂತು, 2024-25ರಿಂದ ಮತ್ತೆ ಮೂರು ವರ್ಷದ ಡಿಗ್ರಿ. ಆಯೋಗ 2025ರ ಆಗಸ್ಟಿನಲ್ಲಿ ಕೊನೆಯ ವರದಿ ಕೊಟ್ಟಿತು. ಇದರ ನಡುವೆ ಸಿಕ್ಕಿಕೊಂಡವರು ಇಲ್ಲೇ ಕೂತಿದ್ದೀರಿ. ಅಣ್ಣನಿಗೆ ಒಂದು ಸಿಲಬಸ್, ತಮ್ಮನಿಗೆ ಇನ್ನೊಂದು, ಹಾಸ್ಟೆಲಿನಲ್ಲಿ ಹಳೇ ಪುಸ್ತಕ ಒಬ್ಬರಿಂದ ಒಬ್ಬರಿಗೆ ಕೊಡಲಿಕ್ಕೂ ಬರದ ಹಾಗೆ ಆಯಿತು.

ನಾವು ಆ ನೀತಿಯ ವಕೀಲರಲ್ಲ. ವರ್ಷಕ್ಕೊಂದು ಬಾಗಿಲು ಇಟ್ಟರೆ ಮೊದಲ ಬಾಗಿಲಲ್ಲಿ ಹೊರಗೆ ಹೋಗುವವರು ಯಾರು? ಬರ ಬಿದ್ದ ವರ್ಷ ಬೆಂಗಳೂರಿಗೆ ದುಡಿಯಲು ಹೋಗುವ ಮನೆಯವರು. ಮದುವೆ ಗೊತ್ತಾದ ಹುಡುಗಿ. ಮೊದಲು ಅದಕ್ಕೆ ಓದು ಬಿಟ್ಟದ್ದು ಎನ್ನುತ್ತಿದ್ದರು, ಆ ನೀತಿ ಬಂದಾಗ ಅದಕ್ಕೊಂದು ಸರ್ಟಿಫಿಕೇಟು. ಓಪನ್ ಎಲೆಕ್ಟಿವ್ ವಿಷಯ ಕೇಳಬೇಡಿ. ಪಾಠ ಮಾಡುವ ಮೇಷ್ಟ್ರೇ ಅರ್ಧ ವರ್ಷ ಬರದ ಕಡೆ, ಅತಿಥಿ ಉಪನ್ಯಾಸಕರ ಸಂಬಳವೇ ತಿಂಗಳುಗಟ್ಟಲೆ ಬಾಕಿ ಇರುವ ಕಡೆ, ಯಾವ ಆಯ್ಕೆ? ಇದ್ದ ಒಬ್ಬ ಮೇಷ್ಟ್ರು ಯಾವುದು ಹೇಳುತ್ತಾರೋ ಅದೇ ನಿಮ್ಮ ಓಪನ್ ಎಲೆಕ್ಟಿವ್. ಆದರೆ ನೀತಿ ಹೋಯಿತು ಅಂತ ಅದರ ಒಳಗಿದ್ದ ಒಂದು ಒಳ್ಳೇ ಮಾತನ್ನೂ ಹೊರಗೆ ಎಸೆದರೆ ನಷ್ಟ ನಮಗೇ. ಆ ಮಾತು ಯಾವ ಸರ್ಕಾರದ್ದೂ ಅಲ್ಲ. ನೂರು ವರ್ಷದ ಹಿಂದೆ ನಮ್ಮ ಮನುಷ್ಯನೊಬ್ಬ ಅದನ್ನು ಮಾಡಿ ತೋರಿಸಿದ್ದ.

ಬಾಬಾಸಾಹೇಬರು ಮುಂಬಯಿಯ ಹೈಸ್ಕೂಲಿನಲ್ಲಿದ್ದಾಗ ಸಂಸ್ಕೃತ ಓದಬೇಕು ಅಂದರು. ಬಿಡಲಿಲ್ಲ. ಪರ್ಷಿಯನ್ ತಗೋ ಅಂದರು. ನೋಡಿ, ವಿಷಯಗಳ ನಡುವಿನ ಗೋಡೆಗೂ ಊರು ಕೇರಿಯ ನಡುವಿನ ಗೋಡೆಗೂ ಒಂದೇ ಗಾರೆ. ಯಾವ ವಿದ್ಯೆ ಯಾರ ಮೈಲಿಗೆಗೆ ಹೆದರುತ್ತದೆ ಎಂದು ಯಾರೋ ಮೊದಲೇ ಬರೆದಿಟ್ಟಿದ್ದರು. ಆ ಹುಡುಗ ಪರ್ಷಿಯನ್ ಓದಿದ. ಆದರೆ ಮರೆಯಲಿಲ್ಲ. 1946ರಲ್ಲಿ 'ಶೂದ್ರರು ಯಾರು' ಎಂದು ಪುಸ್ತಕ ಬರೆದಾಗ ವೇದ, ಪುರಾಣ, ಸ್ಮೃತಿಗಳನ್ನೇ ಸಾಕ್ಷಿಕಟ್ಟೆಗೆ ಕರೆದು ನಿಲ್ಲಿಸಿ ಅಡ್ಡಪ್ರಶ್ನೆ ಹಾಕಿದರು.

1913ರಲ್ಲಿ ಬರೋಡಾ ಮಹಾರಾಜರ ವಿದ್ಯಾರ್ಥಿವೇತನದಲ್ಲಿ ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ ಹೋದರು. ಅವರದ್ದೂ ಸ್ಕಾಲರ್‌ಶಿಪ್ಪು, ನಿಮ್ಮದೂ ಸ್ಕಾಲರ್‌ಶಿಪ್ಪು, ಅದನ್ನು ನೆನಪಿಡಿ. ಮುಖ್ಯ ವಿಷಯ ಅರ್ಥಶಾಸ್ತ್ರ. ಅದರಲ್ಲಿ 29 ಕೋರ್ಸು ಮಾಡಿದರು. ಅಲ್ಲಿಗೆ ನಿಂತರೇ? ಇತಿಹಾಸದಲ್ಲಿ 11, ಸಮಾಜಶಾಸ್ತ್ರದಲ್ಲಿ 6, ತತ್ತ್ವಶಾಸ್ತ್ರದಲ್ಲಿ 5, ಮಾನವಶಾಸ್ತ್ರದಲ್ಲಿ 4, ರಾಜಕೀಯದಲ್ಲಿ 3, ಮೇಲೆ ಫ್ರೆಂಚು, ಜರ್ಮನು ಒಂದೊಂದು. ಪರೀಕ್ಷೆಗೆ ಇಷ್ಟೆಲ್ಲ ಬೇಕಿರಲಿಲ್ಲ. ಅವರ ತಲೆಯಲ್ಲಿ ಕೂತಿದ್ದ ಪ್ರಶ್ನೆಗೆ ಬೇಕಿತ್ತು.

1916ರ ಮೇ 9ರಂದು ಗೋಲ್ಡನ್‌ವೈಸರ್ ಎಂಬ ಮಾನವಶಾಸ್ತ್ರದ ಪ್ರೊಫೆಸರರ ಸೆಮಿನಾರಿನಲ್ಲಿ ಒಂದು ಪ್ರಬಂಧ ಓದಿದರು, ಭಾರತದ ಜಾತಿಗಳ ಹುಟ್ಟು, ಬೆಳವಣಿಗೆ, ರಚನೆಯ ಬಗ್ಗೆ. ಅವರಿಗೆ ಆಗ 25 ವರ್ಷ, ಇಲ್ಲಿಯ ಎಂಎ ಹುಡುಗರ ವಯಸ್ಸು. ಅದಕ್ಕೂ ಮೊದಲು ಜಾತಿಯ ಬಗ್ಗೆ ಬರೆದ ಯುರೋಪಿನ ಪಂಡಿತರು ಕೆಲವರು ಬಣ್ಣ ಅಂದಿದ್ದರು, ಕೆಲವರು ಕಸುಬು ಅಂದಿದ್ದರು. ಈ ಹುಡುಗ ಅವರನ್ನೆಲ್ಲ ಓದಿ, ಒಬ್ಬೊಬ್ಬರ ವ್ಯಾಖ್ಯೆ ಎಲ್ಲಿ ಸೋರುತ್ತದೆ ಅಂತ ತೋರಿಸಿ, ಜಾತಿಯ ಬೇರು ಒಳಮದುವೆಯಲ್ಲಿದೆ ಅಂದರು. ಗಂಡು ಹೆಣ್ಣಿನ ಲೆಕ್ಕ ಸರಿದೂಗಿಸಲಿಕ್ಕೆ ಸತಿ, ವಿಧವೆಯ ಬಾಳು, ಎಳೆಯ ಹುಡುಗಿಯ ಮದುವೆ ಬಂದವು ಅಂದರು. ಅಂದರೆ ಜಾತಿಯ ಮಾತನ್ನು ಹೆಣ್ಣಿನ ಮೈಮೇಲೆ ಬಿದ್ದ ಬೇಲಿಯ ಮಾತಾಗಿ ನೋಡಿದರು. ಬರೀ ಅರ್ಥಶಾಸ್ತ್ರ ಓದಿದ್ದರೆ ಇದು ಕಾಣುತ್ತಿತ್ತೇ? ಬರೀ ಮಾನವಶಾಸ್ತ್ರದವನಿಗೆ ಆ ಲೆಕ್ಕದ ಬುದ್ಧಿ ಬರುತ್ತಿತ್ತೇ? ನಮ್ಮ ಕಡೆ ಇವತ್ತಿಗೂ ಜಾತಿ ಮೀರಿ ಮದುವೆಯಾದ ಹುಡುಗ ಹುಡುಗಿಯರಿಗೆ ಏನಾಗುತ್ತದೆ ಅಂತ ಪೇಪರಿನಲ್ಲಿ ಓದುತ್ತೀರಲ್ಲ, ಅದನ್ನು ಓದುವಾಗ ಆ ಪ್ರಬಂಧ ಪಕ್ಕದಲ್ಲಿಟ್ಟುಕೊಳ್ಳಿ.

ಇನ್ನೊಂದು. 1918ರಲ್ಲಿ ಸಣ್ಣ ಹಿಡುವಳಿಗಳ ಬಗ್ಗೆ ಬರೆದರು. ಹೊಲ ತುಂಡು ತುಂಡಾಗಿದೆ, ಅದಕ್ಕೇ ಬಡತನ, ತುಂಡುಗಳನ್ನು ಕೂಡಿಸಿದರೆ ಸರಿಹೋಗುತ್ತದೆ ಅಂತ ಎಲ್ಲರೂ ಹೇಳುತ್ತಿದ್ದ ಕಾಲ. ಇವರು ಬೇರೆ ಹೇಳಿದರು. ಹೊಲ ದೊಡ್ಡದೋ ಸಣ್ಣದೋ ಅನ್ನುವುದು ಅದರ ಮೇಲೆ ಹಾಕುವ ಎತ್ತು, ಮುಟ್ಟು, ಬಂಡವಾಳ ಎಷ್ಟು ಎಂಬುದರ ಮೇಲೆ ನಿಂತಿದೆ. ಹೊಲದ ಮೇಲೆ ಬಿದ್ದಿರುವ ಹೆಚ್ಚಿನ ಜನಕ್ಕೆ ಬೇರೆ ದುಡಿಮೆ ಬೇಕು, ಕೈಗಾರಿಕೆ ಬೇಕು. ಕೂಡ್ಲಿಗಿ, ಕೊಟ್ಟೂರು, ಹರಪನಹಳ್ಳಿಯ ಎರಡೆಕರೆ ಖುಷ್ಕಿಯವರು ಈ ಮಾತು ಕೇಳಿ ತಲೆದೂಗದಿದ್ದರೆ ಹೇಳಿ. ಎಲ್ಲರೂ ಒಪ್ಪಿದ ಮಾತನ್ನು ತಿರುಗಿಸಿ ಹಿಂದೇನಿದೆ ಅಂತ ನೋಡುವುದು, ವಿಮರ್ಶೆ ಅಂದರೆ ಅಷ್ಟೇ. ಅದಕ್ಕೆ ದೊಡ್ಡ ಇಂಗ್ಲಿಷ್ ಹೆಸರಿಟ್ಟು ಟ್ರೇನಿಂಗ್ ಕೊಡುವವರು ಈಗ ಕಾಲೇಜಿಗೆ ಬರುತ್ತಾರೆ, ಒಂದು ದಿನ ಪಿಪಿಟಿ ತೋರಿಸಿ ಸರ್ಟಿಫಿಕೇಟ್ ಕೊಟ್ಟು ಹೋಗುತ್ತಾರೆ. ಫೋಟೋ ಚೆನ್ನಾಗಿ ಬರುತ್ತದೆ.

ಹೀಗೆ ಕೇಳಿದ್ದಕ್ಕೆ ಬೆಲೆಯನ್ನೂ ತೆತ್ತಿದ್ದೇವೆ. 1973ರ ನವೆಂಬರಿನಲ್ಲಿ ಮಂತ್ರಿ ಬಿ. ಬಸವಲಿಂಗಪ್ಪನವರು ಮೈಸೂರಿನ ಸಭೆಯಲ್ಲಿ ಕನ್ನಡ ಸಾಹಿತ್ಯದಲ್ಲಿ ಬೂಸಾ ಇದೆ ಅಂದರು. ಒಂದು ವಿಮರ್ಶೆಯ ಮಾತು. ಅದಕ್ಕೆ ಉತ್ತರವಾಗಿ ಬಂದದ್ದು ಇನ್ನೊಂದು ವಿಮರ್ಶೆ ಅಲ್ಲ, ಕಲ್ಲು. ಏಟು ತಿಂದವರು ದಲಿತ ವಿದ್ಯಾರ್ಥಿಗಳು. ಮಂತ್ರಿಗಿರಿ ಹೋಯಿತು. ಆದರೆ ಆ ಏಟು ತಿಂದ ಪೀಳಿಗೆಯೇ ಮುಂದೆ ಸಂಘ ಕಟ್ಟಿತು, ಪತ್ರಿಕೆ ಮಾಡಿತು, ಪದ್ಯ ಬರೆಯಿತು, ಕಥೆ ಬರೆಯಿತು. ಆಮೇಲೆ ಕನ್ನಡ ಸಾಹಿತ್ಯವೇ ಬೇರೆ ಆಯಿತು. ಬೂಸಾ ಅಂದವರ ಮಾತು ಸರಿಯೋ ತಪ್ಪೋ ನೀವು ಚರ್ಚೆ ಮಾಡಿ. ನಮ್ಮಲ್ಲೇ ಎರಡು ಅಭಿಪ್ರಾಯ ಇವೆ.

ಇಲ್ಲಿ ನಮ್ಮ ಒಬ್ಬ ಹಿರಿಯರು ನಡುವೆ ಎದ್ದು ಮಾತಾಡಿದ್ದನ್ನೂ ಬರೆಯಬೇಕು. ನಾವು ತೊಗಲಿನ ಉದಾಹರಣೆ ಕೊಟ್ಟೆವು. ನಮ್ಮ ಅಜ್ಜಂದಿರು ಹಸಿ ತೊಗಲನ್ನು ಸುಣ್ಣದ ನೀರಿನಲ್ಲಿ ನೆನೆಸಿ, ಕೂದಲು ಕೆರೆದು, ತಂಗಡಿ ಚಕ್ಕೆಯ ರಸದಲ್ಲಿ ಹಾಕಿ ಹದ ಮಾಡುತ್ತಿದ್ದರು. ಚಕ್ಕೆಯಲ್ಲಿರುವ ಟ್ಯಾನಿನ್ ತೊಗಲಿನ ಪ್ರೋಟೀನನ್ನು ಹಿಡಿದುಕೊಳ್ಳುತ್ತದೆ, ಅದಕ್ಕೇ ಕೊಳೆಯುವುದಿಲ್ಲ. ಬಾವಿಯಿಂದ ನೀರೆತ್ತುವ ಕಪಿಲೆಯ ಬಾನಿ ಆ ತೊಗಲಿನದು, ಊರ ಹೊಲಕ್ಕೆ ನೀರು ಹೋದದ್ದು ಅದರಿಂದ. ಕೆಮಿಸ್ಟ್ರಿ ಲ್ಯಾಬಿನಲ್ಲಿ ಟ್ಯಾನಿನ್ ಬರುತ್ತದೆ, ಅಜ್ಜ ಬರುವುದಿಲ್ಲ ಅಂದೆವು. ಹಿರಿಯರು ಎದ್ದು, "ಬಿಡ್ರಪ ಅದನ್ನ. ಆ ವಾಸನಿ ಬಿಡಿಸಿಕೊಳ್ಳಾಕ ನಮಗ ಎರಡು ತಲಿ ಆದ್ವು. ಈಗ ಅದನ್ನ ವಿದ್ಯೆ ಅಂತ ಹೊಗಳಿ ಮತ್ತ ಹುಡುಗರ ಕೈಗೆ ಕೊಡಬ್ಯಾಡ್ರಿ" ಅಂದರು. ಸಭೆ ಸುಮ್ಮನಾಯಿತು. ಅವರು ಹೇಳಿದ್ದು ಸರಿ. ಕಸುಬನ್ನು ಹೊಗಳುವುದು ಬೇರೆಯವರ ಕೆಲಸ, ಅವರಿಗೆ ವಾಸನೆ ಬಂದಿಲ್ಲ. ನಾವು ಕೇಳುವುದು ಇಷ್ಟೇ: ಅದೇ ಕೆಲಸವನ್ನು ಕಾರ್ಖಾನೆಯಲ್ಲಿ ಕ್ರೋಮಿಯಂ ಹಾಕಿ ಮಾಡಿದಾಗ ಅದು ಉದ್ಯಮ, ಕೇರಿಯಲ್ಲಿ ಚಕ್ಕೆ ಹಾಕಿ ಮಾಡಿದಾಗ ಮೈಲಿಗೆ. ಈ ವ್ಯತ್ಯಾಸ ತೊಗಲಿನಲ್ಲಿಲ್ಲ. ಹಾಗಾದರೆ ಎಲ್ಲಿದೆ? ಕೆಮಿಸ್ಟ್ರಿ ಪುಸ್ತಕ ಇದಕ್ಕೆ ಉತ್ತರ ಕೊಡುವುದಿಲ್ಲ, ಸಮಾಜಶಾಸ್ತ್ರದ ಪುಸ್ತಕಕ್ಕೆ ಟ್ಯಾನಿನ್ ಗೊತ್ತಿಲ್ಲ.

ಇನ್ನು ನೀರಿಗೆ ಬರೋಣ. ಇವತ್ತು ನಿಜವಾಗಿ ಹೇಳಬೇಕಾದದ್ದು ಇದು.

ಕೂಡ್ಲಿಗಿ ಸೀಮೆಯ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಇದೆ. ಹೊಸ ಸುದ್ದಿಯಲ್ಲ. ಮಕ್ಕಳ ಹಲ್ಲು ಹಳದಿ, ಕಂದು ಗೆರೆ. ನಲವತ್ತು ದಾಟಿದವರಿಗೆ ಸೊಂಟ ಬಗ್ಗುವುದಿಲ್ಲ, ಮೊಣಕಾಲು ಮಡಚುವುದಿಲ್ಲ. ಮನೆಯಲ್ಲಿ ಏನಂತಾರೆ? "ನಮ್ಮ ವಂಶದಾಗ ಹಂಗ ಐತಿ." ಗುಡಿಯ ಮುಂದೆ ಏನಂತಾರೆ? ಹಿಂದಿನ ಜನ್ಮದ್ದು. ಸಭೆಯ ಮುಂದಿನ ಸಾಲಿನಲ್ಲಿ ಕೂತ ಹುಡುಗರಲ್ಲಿ ಕೆಲವರು ಈಗ ಬಾಯಿ ಮುಚ್ಚಿಕೊಂಡಿರಿ, ನಾವು ನೋಡಿದೆವು. ನಾಚಿಕೆ ಬೇಡ. ನಿಮ್ಮ ಹಲ್ಲು ಉಜ್ಜದ್ದಕ್ಕೆ ಹಾಗಾದದ್ದಲ್ಲ. ಸಣ್ಣವರಿದ್ದಾಗ, ಹಲ್ಲು ಒಸಡಿನೊಳಗೆ ಕಟ್ಟಿಕೊಳ್ಳುವ ವಯಸ್ಸಿನಲ್ಲಿ, ಕುಡಿದ ನೀರು ಬರೆದ ಗುರುತು ಅದು.

ಕೆಮಿಸ್ಟ್ರಿ ಹುಡುಗನಿಗೆ ಅಂಕಿ ಗೊತ್ತು: ಲೀಟರಿಗೆ 1 ಮಿಲಿಗ್ರಾಂ ಒಳಗಿದ್ದರೆ ಒಳ್ಳೇದು, ಬೇರೆ ನೀರಿಲ್ಲದಿದ್ದರೆ 1.5ರ ತನಕ ನಡೆಯುತ್ತದೆ, ಅದರ ಮೇಲೆ ಕುಡಿಯಬಾರದು. ಭೂಗರ್ಭಶಾಸ್ತ್ರದವನು ಕಾರಣ ಹೇಳುತ್ತಾನೆ: ಫ್ಲೋರೈಡ್ ಇರುವುದು ನಮ್ಮ ಕಾಲ ಕೆಳಗಿನ ಕಲ್ಲಿನಲ್ಲೇ. ಆಳದಲ್ಲಿ ನೀರು ಬಹಳ ಕಾಲ ಕಲ್ಲಿನ ಜೊತೆ ಕೂತರೆ, ನೀರು ಕ್ಷಾರವಾಗಿದ್ದು ಕ್ಯಾಲ್ಸಿಯಂ ಕಡಿಮೆ ಇದ್ದರೆ, ಅದು ಹೆಚ್ಚು ಕರಗಿ ಬರುತ್ತದೆ. ಇಲ್ಲಿಗೆ ವಿಜ್ಞಾನ ನಿಂತಿತು. ನೀರು ಅಷ್ಟು ಆಳಕ್ಕೆ ಯಾಕೆ ಹೋಯಿತು? ಕೆರೆ ಹೂಳು ತುಂಬಿದ್ದು ಯಾವಾಗ, ಕೆರೆ ಕಾಯುವ ನೀರಗಂಟಿಯ ಕೆಲಸ ನಿಂತದ್ದು ಯಾವಾಗ? ಇತಿಹಾಸದವನು ಬರಬೇಕು. ಮುನ್ನೂರು, ಐನೂರು ಅಡಿ ಕೊರೆಸಿದ ಸಾಲ ಯಾರದು, ಕೊರೆದ ನೀರು ಯಾವ ಬೆಳೆಗೆ ಹೋಯಿತು? ಅರ್ಥಶಾಸ್ತ್ರದವನು ಬರಬೇಕು. ಊರಿಗೆ ಕೆರೆ ಪಕ್ಕದ ಬಾವಿ, ಕೇರಿಗೆ ಕಲ್ಲುಬಂಡೆ ಮೇಲಿನ ಕೈಪಂಪು, ಹಾಗೇನಾದರೂ ಇದೆಯೇ? ಇದೆ ಅಂತ ಸುಮ್ಮನೆ ಭಾಷಣ ಮಾಡಬೇಡಿ, ಇಲ್ಲ ಅಂತಲೂ ನಂಬಬೇಡಿ. ಅಳೆದು ನೋಡಿ. ಭೇದ ಸಿಕ್ಕರೆ ಕಾನೂನಿನವನು ಸಂವಿಧಾನದ 15ನೇ ವಿಧಿಯ ಎರಡನೇ ಭಾಗ ತೆರೆಯಲಿ, ಅಲ್ಲಿ ಬಾವಿ, ಕೆರೆ ಅಂತ ಹೆಸರು ಹಿಡಿದು ಬರೆದಿದೆ. 1927ರ ಮಾರ್ಚ್ 20ರಂದು ಮಹಾಡಿನ ಕೆರೆಯ ನೀರು ಮುಟ್ಟಿದವರೇ ಆ ಸಂವಿಧಾನದ ಕರಡು ಸಮಿತಿಯ ಅಧ್ಯಕ್ಷರು ಎಂಬುದನ್ನು ಯಾವ ಪುಸ್ತಕವೂ ಒಂದೇ ಪುಟದಲ್ಲಿ ಹೇಳುವುದಿಲ್ಲ. ಒಂದು ಹಿಸ್ಟರಿ, ಇನ್ನೊಂದು ಪೊಲಿಟಿಕಲ್ ಸೈನ್ಸ್.

ಈ ರೋಗ ಮನುಷ್ಯರಲ್ಲಿದೆ ಎಂದು ನಮ್ಮ ದೇಶದಲ್ಲಿ ಮೊದಲು ಡಾಕ್ಟರರು ಬರೆದದ್ದು 1937ರಲ್ಲಿ, ಅದೇ ಮದರಾಸು ಪ್ರಾಂತದ ನೆಲ್ಲೂರು ಕಡೆಯಿಂದ. ಆದರೆ ಅದಕ್ಕೂ ಮೊದಲು ಅಲ್ಲಿಯ ರೈತರು ಕಂಡಿದ್ದರು, ಎತ್ತುಗಳ ಕೀಲು ಹಿಡಿದು ನಡೆಯಲಾರದೆ ಹೋದದ್ದನ್ನು. ಮೊದಲು ಕಂಡದ್ದು ಎತ್ತಿನ ಹಿಂದೆ ನಡೆಯುವವನಿಗೆ.

1970ರ ದಶಕದಲ್ಲಿ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಕೃಷ್ಣಮಾಚಾರಿ, ಕಮಲಾ ಕೃಷ್ಣಸ್ವಾಮಿ ಎಂಬ ವಿಜ್ಞಾನಿಗಳು ನಲ್ಗೊಂಡ ಕಡೆ ಒಂದು ವಿಚಿತ್ರ ನೋಡಿದರು. ಹಳೇ ಫ್ಲೋರೈಡ್ ರೋಗ ವಯಸ್ಸಾದವರಿಗೆ ಬರುತ್ತಿತ್ತು. ಈಗ ಬೆಳೆಯುವ ಹುಡುಗರ ಮೊಣಕಾಲು ಒಂದಕ್ಕೊಂದು ತಾಗಿ ಕಾಲು ಸೊಟ್ಟಗಾಗುತ್ತಿತ್ತು. ಅವರು ಬರೀ ಎಕ್ಸ್‌ರೇ ತೆಗೆದು ಬಿಡಲಿಲ್ಲ. ಏನು ಉಣ್ಣುತ್ತೀರಿ ಅಂತ ಕೇಳಿದರು. ಜೋಳ. ಹೊಲದ ಮಣ್ಣು ನೋಡಿದರು. ಹತ್ತಿರ ನಾಗಾರ್ಜುನಸಾಗರ ಅಣೆಕಟ್ಟು ಬಂದು ನೆಲದಡಿಯ ನೀರು ಮೇಲೆದ್ದಿತ್ತು, ಮಣ್ಣಿನ ಗುಣ ಬದಲಾಗಿತ್ತು. ಅಂಥ ಮಣ್ಣಿನ ಜೋಳದಲ್ಲಿ ಮಾಲಿಬ್ಡಿನಂ ಹೆಚ್ಚು. ಅದು ಮೈಯಲ್ಲಿನ ತಾಮ್ರವನ್ನು ಹೊರಗೆ ಹಾಕಿಸುತ್ತದೆ, ತಾಮ್ರ ಕಡಿಮೆಯಾದ ಎಲುಬಿಗೆ ಫ್ಲೋರೈಡ್ ಸೇರಿದರೆ ಹೀಗಾಗುತ್ತದೆ ಎಂದು ಅವರ ತರ್ಕ. ಅಣೆಕಟ್ಟು ಇಂಜಿನಿಯರಿಂಗು, ಮಣ್ಣು ಕೃಷಿ ವಿಜ್ಞಾನ, ಜೋಳ ಅಡಿಗೆಮನೆ, ಎಲುಬು ವೈದ್ಯಕೀಯ. ಒಂದು ಮೊಣಕಾಲಿನಿಂದ ಹೊರಟು ಅಣೆಕಟ್ಟಿನ ತನಕ ಹೋದರು. ಹೊಸಪೇಟೆ ಅಣೆಕಟ್ಟಿನ ಸುತ್ತಲೂ ಇಂಥದೇ ಕಂಡಿದೆ ಎಂದು ಆ ಕಾಲದ ಬರಹಗಳು ಹೇಳಿವೆ. ಹೊಸಪೇಟೆ ಈಗ ನಮ್ಮದೇ ಜಿಲ್ಲಾ ಕೇಂದ್ರ. ಅಕ್ಕಿ ಕೊಂಡು ಉಣ್ಣುವವನಿಗಿಂತ ಜೋಳವೇ ಗತಿಯಾದವನಿಗೆ ಪೆಟ್ಟು ಹೆಚ್ಚು ಎಂಬುದು ಅವರು ಕಂಡದ್ದು. ಅದರ ಮುಂದಿನ ಪ್ರಶ್ನೆ, ಅಣೆಕಟ್ಟಿನ ನೀರು ಯಾರ ಗದ್ದೆಗೆ, ರೋಗ ಯಾರ ಮೊಣಕಾಲಿಗೆ, ಅದನ್ನು ಕೇಳಬೇಕಾದವರು ನಾವು.

ಹೊಸದನ್ನು ಕಂಡುಹಿಡಿಯುವ ಮಾತೂ ಚೀಟಿಯಲ್ಲಿತ್ತು. ನಾಗಪುರದ ನೀರಿ ಸಂಸ್ಥೆಯವರು ಪಟಿಕ, ಸುಣ್ಣ ಹಾಕಿ ಫ್ಲೋರೈಡ್ ತಗ್ಗಿಸುವ ಒಂದು ವಿಧಾನ ಮಾಡಿದರು. ನಲ್ಗೊಂಡ ವಿಧಾನ ಅಂತಲೇ ಹೆಸರು. ಅಗ್ಗ, ಸುಲಭ. ಆದರೆ ನೀರು ನೋಡಿ ಅಳತೆ ಹಾಕಬೇಕು, ತಳದ ಕೆಸರನ್ನು ದಿನಾ ಚೆಲ್ಲಬೇಕು, ಅಳತೆ ತಪ್ಪಿದರೆ ಅಲ್ಯುಮಿನಿಯಂ ಉಳಿಯುತ್ತದೆ. ದಿನಾ ಮಾಡುವವರು ಯಾರು? ಮನೆಯ ಹೆಂಗಸು. ಅವಳನ್ನು ಕೇಳದೆ ಮಾಡಿದ ಉಪಾಯ ಎಷ್ಟು ದಿನ ನಡೆದೀತು? ಈಗ ಶುದ್ಧ ನೀರಿನ ಘಟಕ ಬಂದಿವೆ, ಕಾಯಿನ್ ಹಾಕಿದರೆ ಕ್ಯಾನ್ ತುಂಬುತ್ತದೆ. ಎಷ್ಟೋ ಕಡೆ ಕೆಟ್ಟು ನಿಂತಿವೆ. ಫಿಲ್ಟರ್ ಬದಲಿಸಲು ಪಂಚಾಯ್ತಿ ದುಡ್ಡಿಲ್ಲ, ಅಥವಾ ಕೀಲಿ ಒಬ್ಬರ ಮನೆಯಲ್ಲಿದೆ. ಮಿಷನ್ ಕೆಟ್ಟದ್ದನ್ನು ಐಟಿಐ ಹುಡುಗ ಸರಿಮಾಡಬಲ್ಲ. ಕೀಲಿ ಯಾಕೆ ಆ ಮನೆಯಲ್ಲಿದೆ ಎಂಬುದಕ್ಕೆ ಬೇರೆ ರಿಪೇರಿ ಬೇಕು. ಇಬ್ಬರೂ ಕೂಡಿ ಕೂತರೆ ಮಾತ್ರ ಆ ಘಟಕ ಓಡುತ್ತದೆ.

ಭಾಷಣ ಸಾಕು. ಕಾಲೇಜು ಓಪನ್ ಎಲೆಕ್ಟಿವ್ ಕೊಡಲಿ ಬಿಡಲಿ, ಒಂದು ಹಾಸ್ಟೆಲಿನಲ್ಲಿ ಬಿಎ, ಬಿಕಾಂ, ಬಿಎಸ್ಸಿ, ಐಟಿಐ ಎಲ್ಲರೂ ಒಂದೇ ಸಾಂಬಾರು ಉಣ್ಣುತ್ತೀರಿ. ಇಷ್ಟು ವಿಷಯದವರು ಒಂದೇ ಸೂರಿನಡಿ ಮಲಗುವ ಜಾಗ ಇನ್ನೆಲ್ಲಿದೆ? ಶನಿವಾರ ರಾತ್ರಿ ಊಟ ಆದ ಮೇಲೆ ಒಂದು ತಾಸು ಕೂಡಿರಿ. ಮೊದಲ ಕೆಲಸ, ನಿಮ್ಮ ನಿಮ್ಮ ಊರಿನ ನೀರು. ಹಬ್ಬಕ್ಕೆ ಊರಿಗೆ ಹೋದವರು ಎರಡು ಬಾಟಲಿ ತನ್ನಿ, ಒಂದು ಊರ ನೀರು, ಒಂದು ಕೇರಿಯ ನೀರು. ಯಾವ ದಿನ, ಯಾವ ಬೋರು, ಎಷ್ಟು ಅಡಿ, ಕೊರೆಸಿದ್ದು ಯಾವ ವರ್ಷ, ಎಷ್ಟು ಮನೆ ಕುಡಿಯುತ್ತವೆ ಅಂತ ಚೀಟಿ ಅಂಟಿಸಿ. ಆ ನೀರು ತರಲಿಕ್ಕೆ ದಿನಕ್ಕೆ ಎಷ್ಟು ಹೊತ್ತು ಹೋಗುತ್ತದೆ ಅಂತ ತಂಗಿಯರು ಬರೆಯಿರಿ, ಅದು ಗಂಡುಹುಡುಗರಿಗೆ ಗೊತ್ತಿರುವುದಿಲ್ಲ. ಕನ್ನಡ ಎಂಎ ಓದುವವರು ಹಿರಿಯರ ಹತ್ತಿರ ಕೂತು, ಮೊದಲು ನೀರು ಎಲ್ಲಿಂದ ತರುತ್ತಿದ್ದರು, ಯಾರು ತರಬಿಡುತ್ತಿರಲಿಲ್ಲ ಅಂತ ಅವರ ಮಾತಿನಲ್ಲೇ ಬರೆದುಕೊಳ್ಳಿ. ತಾಲ್ಲೂಕಿನ ನೀರು ಪರೀಕ್ಷೆಯ ಲ್ಯಾಬಿಗೆ ನಾವು ಜೊತೆಗೆ ಬರುತ್ತೇವೆ. ಬಂದ ಅಂಕಿಗಳನ್ನು ಬಿಕಾಂನವರು ಪಟ್ಟಿ ಮಾಡಲಿ, ಊರ ಸಾಲು ಒಂದು ಕಡೆ, ಕೇರಿಯ ಸಾಲು ಒಂದು ಕಡೆ. ಏನೇ ಬರಲಿ, ನಾವು ಎಣಿಸಿದ್ದಕ್ಕೆ ವಿರುದ್ಧ ಬಂದರೂ, ಮುಂದಿನ ಸಂಚಿಕೆಯಲ್ಲಿ ಅಚ್ಚು ಮಾಡುತ್ತೇವೆ.

ಗಾಜಿನ ಬಾಟಲಿ ತರಬೇಡಿ. ಫ್ಲೋರೈಡ್ ಗಾಜಿನ ಜೊತೆ ಸೇರಿದರೆ ಲೆಕ್ಕ ತಪ್ಪೀತು. ಪ್ಲಾಸ್ಟಿಕ್ಕಿನದು ತನ್ನಿ, ಸೋಪು ಹಾಕದೆ ಅದೇ ನೀರಿನಲ್ಲಿ ಮೂರು ಸಲ ತೊಳೆದು ತುಂಬಿ, ಮುಚ್ಚಳ ಬಿಗಿ ಮಾಡಿ.